ಪ್ರಕರಣ ಮುಗಿದ ಮೇಲಿನ ಕಾಫಿ

"ಇನ್ನು ಯಾರಾದ್ರೂ ಮಾತಾಡೋರಿದ್ದೀರಾ?" ಎಂದು ವರ್ನಾ ಕಿಟ್ರೆಜ್ ಕೇಳಿದಳು. ನಿಯಮವಿತ್ತು, ಕೇಳಲೇಬೇಕು. ಸಭಾಂಗಣದ ತುಂಬ ಕುರ್ಚಿ ಹಾಕಿದ್ದರು. ಕೂತಿದ್ದವನು ಆರ್ಲೋ ಸ್ಟಿಡಮ್ ಒಬ್ಬನೇ.

"ನಾನೇ ಇನ್ನೊಂದ್ಸಲ ಮಾತಾಡ್ಲಾ ಮೇಡಂ? ಪಾಪ, ಕುರ್ಚಿಗಳಿಗೂ ಬೇಜಾರು."

ವರ್ನಾ ರಾಜ್ಯದ ವಿದ್ಯುತ್-ದೂರವಾಣಿ ಆಯೋಗದ ವಿಚಾರಣಾಧಿಕಾರಿ. ಮೊಬೈಲ್ ಕಂಪನಿಗಳು ಪೈಪೋಟಿಗೆ ಇಳಿದಿರುವಾಗ ಈ ಕಣಿವೆಯ ತಂತಿ ಫೋನು ನಡೆಸುವ ಹೊಣೆ ತನಗೆ ಬೇಡವೆಂದು ಹಳೆಯ ಫೋನ್ ಕಂಪನಿ ಅರ್ಜಿ ಹಾಕಿತ್ತು. ಮೊಬೈಲ್ ಸಿಗ್ನಲ್ ಸಿಗುವ ಜಾಗ ತೋರಿಸುವ ನಕ್ಷೆಯಲ್ಲಿ ಕಣಿವೆಯೆಲ್ಲ ಹಸಿರು. ಒಂದು ಮನೆಗೆ ಸಿಗ್ನಲ್ ಸಿಕ್ಕರೂ ಸುತ್ತಲಿನ ಜಾಗಕ್ಕೆಲ್ಲ ಹಸಿರು ಬಳಿಯುವುದು ಅದರ ಪದ್ಧತಿ. ಕಾನೂನು ನಂಬುತ್ತಿದ್ದುದು ಅದನ್ನೇ.

"ಸಿಗ್ನಲ್ ಸಿಗೋ ಆ ಮನೆ ಗುಡ್ಡದ ಮೇಲಿರೋದು. ನಾನು ಕೋಳಿಗೂಡು ಹತ್ತಿ ನಿಂತ್ರೂ ಮೊಬೈಲಲ್ಲಿ ಒಂದ್ ಗೆರೆ ಬರಲ್ಲ. ತಂತಿ ಕಿತ್ರೆ ನನ್ಜೊತೆ ಮಾತಾಡೋಕೆ ಕೋಳಿಗಳೇ ಗತಿ," ಎಂದ ಆರ್ಲೋ.

ವಿಚಾರಣೆ ಮುಗಿಯಿತು. ಹೊರಗೆ ಹಿಮ ಬೀಳುತ್ತಿತ್ತು. ಆರ್ಲೋ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. "ಒಂದ್ ಗುಟುಕು ಕಾಫಿ ಕುಡ್ಕೊಂಡ್ ಹೋಗಿ."

"ಕುಡಿಯೋ ಹಾಗಿಲ್ಲ. ತೀರ್ಪು ಬರೆಯೋಳು ನಾನು, ಪ್ರಕರಣ ಮುಗಿಯೋವರ್ಗೂ ವಿಚಾರಣೆ ಹೊರಗೆ ನಿಮ್ಜೊತೆ ಮಾತೂ ಆಡೋ ಹಾಗಿಲ್ಲ."

"ಸರಿ, ಮುಗಿದ್ಮೇಲೆ ಫೋನ್ ಮಾಡ್ಕೊಂಡು ಬನ್ನಿ. ನಂಬರ್ ಹೆಂಗೂ ನಿಮ್ಮ ಕಡತದಲ್ಲೇ ಇದೆಯಲ್ಲ." ಅವನು ದೂರದ ಕುರ್ಚಿಗೆ ಹೋಗಿ ಒಬ್ಬನೇ ಕುಡಿದ. ಕಾಫಿಯ ವಾಸನೆಗೆ ವರ್ನಾಳಿಗೆ ಅಳು ಬಂದಂತಾಯಿತು. ಊರೂರು ತಿರುಗಿ ಪ್ರತಿ ಹೋಟೆಲಿನಲ್ಲೂ ಕಕ್ಷಿದಾರರಿಂದ ದೂರ ಬೇರೆ ಮೇಜಿಗೆ ಕೂತು ಉಣ್ಣುವ ಕೆಲಸ ಅವಳದು. ಇದಕ್ಕೆ ಮೊದಲು ಕುಡಿದು ಹೋಗಿ ಎಂದು ಕರೆದವರು ಯಾರೆಂದು ನೆನಪಾಗಲಿಲ್ಲ.

ನಕ್ಷೆ ತಪ್ಪೆನ್ನಲು ಅಳತೆ ಮಾಡಿದ ಇನ್ನೊಂದು ನಕ್ಷೆ ಬೇಕಿತ್ತು. ಆರ್ಲೋ ಬರೀ ಬಾಯಿಮಾತು ತಂದಿದ್ದ. ಅವಳು ಕಂಪನಿಯ ಪರವಾಗಿ ಆದೇಶ ಬರೆದಳು. ಬೇರೆ ದಾರಿ ಇರಲಿಲ್ಲ. ಇತ್ತೋ ಏನೋ, ಅವಳು ಹುಡುಕಲಿಲ್ಲ.

ಹಿಮ ಕರಗುವ ಹೊತ್ತಿಗೆ ಮೇಲ್ಮನವಿಯ ಗಡುವೂ ಕಳೆದು ಪ್ರಕರಣ ಮುಗಿಯಿತು. ಇನ್ನು ಅವಳು ಯಾರ ಮನೆಯ ಕಾಫಿಯನ್ನಾದರೂ ಕುಡಿಯಬಹುದಿತ್ತು. ಅಡುಗೆಮನೆಯಲ್ಲಿ ನಿಂತು ಆರ್ಲೋನ ಸಂಖ್ಯೆ ಒತ್ತಿದಳು. ತಂತಿ ಕೀಳಲು ಕಂಪನಿ ತಡಮಾಡೀತು ಎಂದುಕೊಂಡಿದ್ದಳು. ಕಂಪನಿಗಳು ತಡಮಾಡುವುದನ್ನು ನೋಡಿಯೇ ಅವಳ ತಲೆ ನರೆತಿತ್ತು. ಈ ಸಲ ತಡವಾಗಿರಲಿಲ್ಲ.

ಈ ಸಂಖ್ಯೆ ಬಳಕೆಯಲ್ಲಿಲ್ಲ, ದಯವಿಟ್ಟು ಪರಿಶೀಲಿಸಿ ಎಂದಿತು ಧ್ವನಿ.

ವರ್ನಾ ಪರಿಶೀಲಿಸಿದಳು. ಸಂಖ್ಯೆ ಸರಿಯಾಗಿಯೇ ಇತ್ತು. ಮತ್ತೆ ಒತ್ತಿದಳು.