ಬುತ್ತಿ ಡಬ್ಬಿಯಲ್ಲಿ ಕಳೆ

"ನಿಲ್ಸ್ರೋ! ಯಾರು ಹೇಳಿದ್ದು ನಿಮಗೆ?" ಎನ್ನುತ್ತ ಅವಳು ಗಂಡನ ಹೆಣದ ಪಕ್ಕದಿಂದ ಎದ್ದು ಹಿತ್ತಲಿಗೆ ಓಡುವಷ್ಟರಲ್ಲಿ ಕೆಲಸ ಮುಗಿದೇ ಹೋಗಿತ್ತು. ಸೊಂಟದೆತ್ತರ ಬೆಳೆದಿದ್ದ ಹಸಿರೆಲ್ಲ ಹೋಗಿ ನೆಲ ಬೋಳಿಸಿದ ತಲೆಯ ಹಾಗೆ ನುಣ್ಣಗಾಗಿತ್ತು. ಕಿತ್ತ ಗಿಡಗಳು ಗೋಡೆಯ ಪಕ್ಕ ಗುಡ್ಡೆ ಬಿದ್ದಿದ್ದವು.

ಕಾರ್ಖಾನೆ ತೋಟದ ಮೇಸ್ತ್ರಿ ಬೆವರು ಒರೆಸಿಕೊಂಡ. "ಅಣ್ಣ ನಲವತ್ತು ವರ್ಷ ನಮ್ಮ ಜೊತೆ ತೋಟ ನೋಡ್ಕೊಂಡೋರು. ಅವರ ಹಿತ್ತಲೇ ಹೀಗಿದ್ರೆ ಬಂದವರು ಏನಂದಾರು, ಅತ್ತಿಗೆ? ಕೊನೇ ಸೇವೆ ಅಂತ ಎಲ್ಲ ಸೇರಿ ಚೊಕ್ಕ ಮಾಡಿದ್ವಿ. ಇನ್ನೇನು ಗಾಡಿ ಬರುತ್ತೆ, ಕಸಾನೂ ಸಾಗಿಸಿಬಿಡ್ತೀವಿ."

ಅವಳ ಮೈಯೆಲ್ಲ ಉರಿದುಹೋಯಿತು. ಯಾರನ್ನೆಂದು ಬೈಯುವುದು? ಇದೇ ಮಾತನ್ನು ಅವಳೂ ಸಾವಿರ ಸಲ ಆಡಿದ್ದಳಲ್ಲ!

*

ಕಾರ್ಖಾನೆಯ ಅಂಗಳಕ್ಕೆ ಒಂದೇ ಜಾತಿಯ ಹುಲ್ಲು, ಒಂದೇ ಎತ್ತರ. ಬೇರೆ ಏನು ತಲೆಯೆತ್ತಿದರೂ ಕೀಳಬೇಕು. ಅವಳ ಗಂಡ ಕೀಳುತ್ತಿದ್ದ. ಆದರೆ ಬೇರಿನ ಜೊತೆ ಹಿಡಿ ಮಣ್ಣೂ ಬರುವ ಹಾಗೆ ಕಿತ್ತು, ಖಾಲಿ ಬುತ್ತಿ ಡಬ್ಬಿಯಲ್ಲಿ ಮನೆಗೆ ತರುತ್ತಿದ್ದ.

"ಊಟದ ಡಬ್ಬಿ ಕಣ್ರೀ ಇದು! ನಾಳೆ ಇದ್ರಲ್ಲೇ ತಾನೇ ನಿಮ್ಮ ಹೊಟ್ಟೆಗೆ ಕಟ್ಟಬೇಕು ನಾನು?"

"ತೊಳೆದ್ರೆ ಹೋಗುತ್ತೆ ಕಣೇ, ಮಣ್ಣಲ್ವಾ."

"ಹೂ ಬಿಡುತ್ತಾ, ಕಾಯಿ ಬಿಡುತ್ತಾ?"

"ಗೊತ್ತಿಲ್ಲ."

"ಗೊತ್ತಿಲ್ದೇ ಇರೋದನ್ನ ಯಾಕೆ ಹೊತ್ಕೊಂಡು ಬರ್ತೀರಿ?"

"ಗೊತ್ತಿಲ್ಲ ಅಂತಾನೇ ಅಲ್ಲಿ ಕೀಳಿಸ್ತಾರೆ. ಇಲ್ಲಾದ್ರೂ ಇರ್ಲಿ ಬಿಡು."

ಹಾಗೆ ಇದ್ದವು. ಚಿಟ್ಟೆಗೆ, ಜೇನಿಗೆ, ಎಲ್ಲಿಂದಲೋ ಬಂದು ಸೇರಿದ ಓತಿಕ್ಯಾತನಿಗೆ ಆ ಹಿತ್ತಲಲ್ಲಿ ಜಾಗವಿತ್ತು. ಅವಳು ಬಟ್ಟೆ ಒಣಹಾಕುವ ಹಗ್ಗಕ್ಕೆ ಮಾತ್ರ ಇರಲಿಲ್ಲ.

*

"ಅಮ್ಮಾ, ಅಪ್ಪನ್ನ ಕರ್ಕೊಂಡು ಹೋಗೋಕೆ ವ್ಯಾನ್ ಬಂತು. ಎಲ್ಲರೂ ನಿನಗೇ ಕಾಯ್ತಿದಾರೆ," ಮಗಳು ಒಳಗಿಂದ ಕೂಗಿದಳು.

"ಕಾಯ್ಲಿ."

ಅಡುಗೆಮನೆಗೆ ಹೋಗಿ ಡಬ್ಬಿ ತಂದವಳೇ ಗುಡ್ಡೆಯ ಮುಂದೆ ಕುಕ್ಕರಿಸಿದಳು. ಅರ್ಧಕ್ಕರ್ಧ ಕುಡುಗೋಲಿಗೆ ಸಿಕ್ಕಿ ತುಂಡಾಗಿದ್ದವು. ಬೇರು ಉಳಿದದ್ದನ್ನು ಹುಡುಕಿ ಹುಡುಕಿ ತುಂಬತೊಡಗಿದಳು. ಯಾವುದು ಯಾವುದೆಂದು ಅವಳಿಗೂ ತಿಳಿಯದು. ನಲವತ್ತು ವರ್ಷದಲ್ಲಿ ಒಂದು ದಿನವೂ ನಿಂತು ನೋಡಿರಲಿಲ್ಲ.

"ಅತ್ತಿಗೆ, ಅದೆಲ್ಲ ಬರೀ ಕಳೆ," ಎಂದ ಮೇಸ್ತ್ರಿ, ಮೆಲ್ಲಗೆ.

"ಗೊತ್ತು ಕಣಪ್ಪ. ಎರಡೆರಡು ಸಲ ಕಿತ್ತಿದೀರಿ ಇವನ್ನ. ಸಾಕು."

ಮನೆಯಲ್ಲಿ ಬಿಟ್ಟುಹೋದರೆ ಯಾರಾದರೂ ಒಳ್ಳೆಯ ಮನಸ್ಸಿನವರು ಡಬ್ಬಿ ತೊಳೆದಿಟ್ಟಾರು ಎಂಬ ಭಯಕ್ಕೆ ಅದನ್ನು ಹಿಡಿದುಕೊಂಡೇ ವ್ಯಾನ್ ಹತ್ತಿ, ಗಂಡನ ಪಕ್ಕ ಕುಳಿತಳು. ಮುಚ್ಚಳ ಕೂರಲಿಲ್ಲ. ಹೊರಗೆ ಇಣುಕಿದ ಕುಡಿಯೊಂದು ಗಾಡಿ ಕುಲುಕಿದಾಗಲೆಲ್ಲ ತಲೆಯಾಡಿಸುತ್ತ, ಹೊದಿಸಿದ ಬಿಳಿ ಬಟ್ಟೆಯ ಮೇಲೆ ಚೂರು ಚೂರೇ ಮಣ್ಣು ಉದುರಿಸುತ್ತಿತ್ತು. ಅವಳು ಅದನ್ನು ಕೊಡವಲಿಲ್ಲ.