ಅವ್ವ ಮುಗಿಸಲೊಲ್ಲದ ಪುರಾಣ

ತೆಲಂಗಾಣ ಬೇಕೆಂದು ಎಲ್ಲರೂ ಸಮ್ಮೆ, ಅಂದರೆ ಮುಷ್ಕರ, ಹೂಡಿ ಬಸ್ಸುಗಳು ನಿಂತಿದ್ದ ಕಾಲ. ಐಜದ ಗಂಡನ ಮನೆಯಿಂದ ಗದ್ವಾಲದವರೆಗೆ ಆಟೊ, ಅಲ್ಲಿಂದ ಹತ್ತಿಯ ಲಾರಿ ಹಿಡಿದು ಮಕ್ತಲದ ತವರುಮನೆ ಮುಟ್ಟುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಅಪ್ಪ ಹೋಗೇಬಿಟ್ಟಿರಬಹುದೆಂದು ದಾರಿಯುದ್ದಕ್ಕೂ ಅಳುತ್ತ ಬಂದಿದ್ದೆ. ಹೋಗಿರಲಿಲ್ಲ. ರಾಯಚೂರಿನ ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ಪಡಸಾಲೆಯ ಮಂಚದ ಮೇಲೆ ಅಪ್ಪ ನರಳುತ್ತಿದ್ದ, ಪಕ್ಕದಲ್ಲಿ ಅವ್ವ ಪುರಾಣ ಓದುತ್ತಿದ್ದಳು.

ನನ್ನಪ್ಪ ಶರಣಯ್ಯ ಪ್ರತಿ ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದುತ್ತಿದ್ದವನು. ಹಚ್ಚಿದ ಪುರಾಣವನ್ನು ಮಂಗಳ ಮಾಡದೆ ನಡುವೆ ಬಿಡಬಾರದು ಎಂಬುದು ಅವನ ಹಠ. ಒಂದು ವರ್ಷ ಮೈ ಸುಡುವ ಜ್ವರದಲ್ಲೂ ಕಂಬಳಿ ಹೊದ್ದು ಓದಿ ಮುಗಿಸಿದ್ದ. ಅವ್ವ ಶೇಖಮ್ಮ ಆಗೆಲ್ಲ ಅಡುಗೆಮನೆ ಬಿಟ್ಟು ಹೊರಬಂದವಳೇ ಅಲ್ಲ. ಈಗ ಸಾಲಿಗೆ ಬೆರಳಿಟ್ಟು ಓದುತ್ತಿದ್ದಳು.

"ಓದೋವಾಗ ಅವರು ನರಳೋದು ಕಿವಿಗೆ ಬೀಳೂದಿಲ್ಲ ಪದ್ಮಾ. ಅಷ್ಟೇ ನನಗ ಸಮಾಧಾನ," ಎಂದಳು.

ನನಗೆ ಸಮಾಧಾನ ಇದ್ದದ್ದು ನಿದ್ದೆಯಲ್ಲಿ ಮಾತ್ರ, ಅದೂ ಸಿಗುತ್ತಿರಲಿಲ್ಲ. ಅಪ್ಪನ ಮಗ್ಗುಲು ಬದಲಿಸಿ, ಬಟ್ಟೆ ಒಗೆದು, ಗಂಜಿ ಕಾಸಿ ಸಾಕಾಗಿತ್ತು. ಹೀಗಿರುವಾಗ ಒಂದು ದಿನ ಕಂಡೆ: ಕೊನೆಯಲ್ಲಿ ಉಳಿದಿದ್ದ ನಾಲ್ಕು ಹಾಳೆ ಕರಗುತ್ತಲೇ ಇಲ್ಲ. ಅವ್ವ ಇಂದು ಮುಂದೆ ಓದಿದರೆ ನಾಳೆ ಹಿಂದೆ ಹೋಗುತ್ತಿದ್ದಳು.

"ಇದು ನಿನ್ನೆ ಓದಿದ್ದಲ್ಲೇನವ್ವ?"

"ಸುಮ್ಕಿರು. ಮಂಗಳ ಆದ್ರ ಅವರು ಉಳೀತಾರೇನು?"

ಅಪ್ಪ ಕಣ್ಣು ತೆರೆದ. "ಮುಗಿಸಿಬಿಡು ಶೇಖಮ್ಮ. ಅದರ ಸಲುವಾಗೇ ತಡದೀನಿ. ಇನ್ನ ತಡಿಯಾಕ ಆಗವಲ್ದು."

ಅವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ತನ್ನ ಸಮಾಧಾನಕ್ಕೆ ಗಂಡನನ್ನು ನೋವಿನಲ್ಲಿ ಹಿಡಿದಿಟ್ಟೆನಲ್ಲ ಎಂದು ಹಲುಬಿದಳು. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೊನೆಯ ಅಧ್ಯಾಯ ಓದಿ, ಮಂಗಳಾರತಿ ಎತ್ತಿ ಕಾಯಿ ಒಡೆದಳು. ಅಪ್ಪನ ನಾಲಿಗೆಗೆ ಸಕ್ಕರೆ ಹಚ್ಚಿದೆವು. ಪಕ್ಕದ ಮನೆಯ ಭೀಮಮ್ಮ ಮಗ್ಗ ಬಿಟ್ಟು ಬಂದು ಕೈಮುಗಿದಳು. ಎಲ್ಲರೂ ಅವನ ಉಸಿರನ್ನೇ ನೋಡುತ್ತ ಕೂತೆವು.

ಉಸಿರು ನಿಲ್ಲಲಿಲ್ಲ. ಹೇಳಿ ಕಳಿಸಿದ ಕೂಡಲೇ ಬರಲು ಸಾವೇನು ಬೀಗರೇ?

ಪುರಾಣ ಮುಗಿದು ಅವ್ವನ ಕೈ ಬರಿದಾಗಿತ್ತು. ಅಪ್ಪ ನರಳಿದಾಗೆಲ್ಲ ಮೈ ಹಿಡಿ ಮಾಡಿಕೊಳ್ಳುತ್ತಿದ್ದಳು. ಅಪ್ಪ ಅದನ್ನು ಸಂಜೆಯವರೆಗೂ ನೋಡಿದ.

"ಮತ್ತ ಹಚ್ಚು," ಎಂದ.

"ಹಚ್ಚಿದ್ರ ನೀವು ನಡುವ ಬಿಟ್ಟು ಹೋಗ್ತೀರಿ."

"ಹೋಗ್ತೀನಿ. ನೀ ಮಾತ್ರ ನಿಲ್ಲಿಸಬ್ಯಾಡ."

ಜೀವಮಾನದ ನೇಮವನ್ನು ಆ ಹಠಮಾರಿ ಅಪ್ಪ ಹೆಂಡತಿಗಾಗಿ ಮುರಿದ. ನಾನು ಹಿತ್ತಲಿಗೆ ಹೋಗಿ ಅತ್ತು ಬಂದೆ. ಅಷ್ಟರಲ್ಲಿ ಅವ್ವ ಮೊದಲ ಹಾಳೆ ತೆರೆದಿದ್ದಳು.

ಎರಡು ದಿನ ಕಳೆದು, ಮಧ್ಯಾಹ್ನದ ಹೊತ್ತು, ಅಧ್ಯಾಯದ ನಡುವೆ ನರಳಾಟ ನಿಂತಿತು. ನನ್ನ ಕೂಗಿಗೆ ಭೀಮಮ್ಮ ಓಡಿಬಂದಳು.

"ಸೂತಕದಾಗ ಪುರಾಣ ಮುಟ್ಟಬಾರ್ದವ್ವ, ಮುಚ್ಚಿಡ್ರಿ," ಎಂದಳು.

"ಲಿಂಗ ಕಟ್ಟಿದವರಿಗೆ ಸೂತಕ ಇಲ್ಲ ಭೀಮಮ್ಮ," ಎಂದಳು ಅವ್ವ. ಎಡಗೈಯಿಂದ ಅಪ್ಪನ ಕಣ್ಣು ಮುಚ್ಚಿ, ಬಲಗೈ ಬೆರಳಿದ್ದ ಸಾಲಿನಿಂದ ಮುಂದಕ್ಕೆ ಓದಿದಳು.