ಎರಡೂವರೆ ಕಿಲೋ

“ಆ ಸಾಬೂನೆಲ್ಲ ಚಪ್ಪಲಿಯ ಒಳಗೆ ತುರುಕು. ಚಪ್ಪಲಿಯ ಹೊಟ್ಟೆ ಯಾಕೆ ಖಾಲಿ ಬಿಡುವುದು?”

ಆಲಿಸ್ ಕುರ್ಚಿಯಲ್ಲಿ ಕುಳಿತೇ ಅಪ್ಪಣೆ ಕೊಡುತ್ತಿದ್ದರು. ನೆಲದ ಮೇಲೆ ತೆರೆದುಕೊಂಡು ಬಿದ್ದಿದ್ದ ಪೆಟ್ಟಿಗೆಯ ಎದುರು ಸಮೀನಾ ಬೆವರುತ್ತಿದ್ದಳು. ಅವಳು ಕೆಳಗಿನ ಮಹಡಿಯ ಮಹ್ರೂಫನ ಹೆಂಡತಿ, ಆ ಸಂಜೆಯ ವಿಮಾನಕ್ಕೆ ಮಗುವನ್ನು ಕಟ್ಟಿಕೊಂಡು ಮಂಗಳೂರಿಗೆ ಹೊರಟವಳು. ಒಮಾನಿನ ವಾದಿ ಅದಾಯ್‌ನ ಆ ಕಟ್ಟಡದಲ್ಲಿ ಊರಿಗೆ ಹೊರಟವರು ಯಾರೇ ಇರಲಿ, ಪೆಟ್ಟಿಗೆ ಮೊದಲು ಆಲಿಸ್ ಮನೆಗೆ ಬರಬೇಕು, ಆಮೇಲೆ ಏರ್‌ಪೋರ್ಟಿಗೆ. ವಿಮಾನದವರು ಬಿಡುವುದು ಮೂವತ್ತು ಕಿಲೋ. ಊರಿನವರು ಫೋನಿನಲ್ಲಿ ಹೇಳಿದ್ದನ್ನೆಲ್ಲ ತುಂಬಿದರೆ ಅದು ನಲವತ್ತು. ನಡುವಿನ ಆ ಹತ್ತು ಕಿಲೋದ ಜಗಳವನ್ನು ಬಿಡಿಸುವುದರಲ್ಲಿ ಆಲಿಸ್ ಎತ್ತಿದ ಕೈ. ಅವರು ಕಟ್ಟಿಸಿದ ಪೆಟ್ಟಿಗೆಯನ್ನು ಕೌಂಟರಿನವರು ಬಿಚ್ಚಿಸಿದ್ದು ಇದುವರೆಗೆ ಇಲ್ಲವೇ ಇಲ್ಲ. ಈ ವಿಷಯದಲ್ಲಿ ಅವರಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಅದಕ್ಕೆ ಕಾರಣವೂ ಇತ್ತಲ್ಲ.

ಜಿಪ್ ಎಳೆದದ್ದಾಯಿತು. ಆಲಿಸ್ ಬಗ್ಗಿ, ಪೆಟ್ಟಿಗೆಯ ಒಂದು ತುದಿಯನ್ನು ಎತ್ತಿ ನೋಡಿದರು.

“ನನ್ನ ಕೈ ಮೂವತ್ತೆರಡು ಅಂತ ಹೇಳ್ತದೆ. ಮೆಷಿನಿನ ಮೇಲೆ ಇಡು ನೋಡುವ.”

ಕೈಯಲ್ಲಿ ತೂಗುವ ಸಣ್ಣ ಕಾಂಟಾ ಕೆಟ್ಟು ವಾರವಾಗಿತ್ತು. ಮನೆಯಲ್ಲಿದ್ದದ್ದು ಆಲಿಸ್ ದಿನಾ ಹತ್ತಿ ನಿಲ್ಲುವ ಮುಳ್ಳಿನ ಮೆಷಿನು. ಸಮೀನಾ ಪೆಟ್ಟಿಗೆಯನ್ನು ಅದರ ಮೇಲೆ ಲಂಬವಾಗಿ ನಿಲ್ಲಿಸಿ, ಕುತ್ತಿಗೆ ಓರೆ ಮಾಡಿ ನೋಡಿದಳು. “ಸರಿಯಾಗಿ ಮೂವತ್ತು ಆಂಟಿ.”

ಸೋಫಾದಲ್ಲಿ ಮೊಬೈಲು ನೋಡುತ್ತಿದ್ದ ಗಂಡ ಹೆರಾಲ್ಡ್ ಕೆಮ್ಮಿದರು. “ಒಂದೆರಡು ಡಬ್ಬಿ ಹೊರಗೆ ತೆಗೆದಿಡಿ. ಯಾಕೆ ರಿಸ್ಕು?”

“ನೀವು ಸುಮ್ಮನಿರಿ ಮಾರಾಯ್ರೆ. ಮೆಷಿನು ಮೂವತ್ತು ಅಂತ ಹೇಳುವಾಗ ನಿಮ್ಮದೆಂತ ಅಡ್ಡ?” ಎಂದ ಆಲಿಸ್ ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. “ಕೈಗೂ ವಯಸ್ಸಾಯ್ತು ಕಾಣ್ತದೆ.”

ಹೆರಾಲ್ಡ್ ಮತ್ತೊಮ್ಮೆ ಕೆಮ್ಮಿ, ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದರು.

ಆಲಿಸ್ ಆ ಮೆಷಿನನ್ನು ನಂಬುವುದಕ್ಕೆ ಬಲವಾದ ಕಾರಣವಿತ್ತು. ಅವರ ಬಲ ಮಂಡಿ ಸವೆದು ಹೋಗಿತ್ತು. ಸಂಜೆಯ ಜಪಮಾಲೆಗೆ, ಅವರ ಮಾತಿನಲ್ಲಿ ತೇರ್ಸಿಗೆ, ಮೊಣಕಾಲೂರದೆ ಕುರ್ಚಿಯಲ್ಲಿ ಕುಳಿತು ಎರಡು ವರ್ಷ ದಾಟಿತ್ತು. ದೇವರ ಎದುರು ಸಾಹುಕಾರನ ಹೆಂಡತಿಯ ಹಾಗೆ ಕುಳಿತುಕೊಳ್ಳುವುದೆಂದರೆ ಅವರಿಗೆ ಜೀವ ಹಿಂಡಿದಂತಾಗುತ್ತಿತ್ತು. ಆಪರೇಷನ್ ಮಾಡಬಹುದು, ಆದರೆ ಮೊದಲು ಆರು ಕಿಲೋ ಇಳಿಸಿ ಬನ್ನಿ ಎಂದಿದ್ದರು ಡಾಕ್ಟರು. ಹೆರಾಲ್ಡ್ ಕೆಲಸ ಮಾಡುವ ಕಂಪನಿಯ ಇನ್ಶೂರೆನ್ಸಿನಲ್ಲಿ ಖರ್ಚು ಹೋಗುತ್ತಿತ್ತು. ಮಾರ್ಚ್ ಕೊನೆಗೆ ಅವರಿಗೆ ನಿವೃತ್ತಿ, ಆಮೇಲೆ ವೀಸಾವೂ ಇಲ್ಲ, ಇನ್ಶೂರೆನ್ಸೂ ಇಲ್ಲ. “ಊರಿಗೆ ಹೋಗುವಾಗ ಈ ಕುರ್ಚಿಯನ್ನು ಹೊತ್ತುಕೊಂಡು ಹೋಗಲಿಕ್ಕೆ ನನಗೆ ಮನಸ್ಸಿಲ್ಲ” ಎಂದು ಆಲಿಸ್ ಶಪಥವನ್ನೇ ಮಾಡಿದ್ದರು. ಅನ್ನ ಅರ್ಧ ಮಾಡಿದರು, ಇಡ್ಲಿಯಂಥ ಸಣ್ಣಾಸ್ ಬಿಟ್ಟರು, ಸಂಜೆ ಮಂಡಿಗೆ ಪಟ್ಟಿ ಕಟ್ಟಿಕೊಂಡು ಗ್ಯಾರೇಜುಗಳ ಸಾಲಿನ ಕೊನೆಯವರೆಗೆ ಕುಂಟುತ್ತ ನಡೆದರು. ಮೊದಲು ಸರಸರನೆ ಇಳಿದ ಮುಳ್ಳು ಆಮೇಲೆ ಹಠ ಹಿಡಿದ ಎಮ್ಮೆಯಂತೆ ನಿಂತುಬಿಟ್ಟಿತ್ತು. ಆದರೆ ಈಚೆಗೆ, ದೇವರು ಕಣ್ಣು ಬಿಟ್ಟ ಹಾಗೆ, ವಾರವಾರವೂ ಇಳಿದಿತ್ತು. ಆರು ಕಿಲೋ ಪೂರ್ತಿಯಾಗಿತ್ತು. ಸೋಮವಾರ ಡಾಕ್ಟರನ್ನು ಕಾಣಬೇಕಿತ್ತು.

ಸಮೀನಾ ಹೊರಟು ಒಂದು ಗಂಟೆ ಕಳೆದಿರಬೇಕು. ಆಲಿಸ್ ಸೌತೆಕಾಯಿ ಹೆಚ್ಚುತ್ತಿದ್ದಾಗ ಫೋನು ಬಂತು.

“ಆಂಟಿ, ಕೌಂಟರಲ್ಲಿ ಎರಡೂವರೆ ಕಿಲೋ ಹೆಚ್ಚು ತೋರಿಸ್ತಾ ಉಂಟು. ಪೆಟ್ಟಿಗೆ ಬಿಚ್ಚಿಸಿದ್ರು.” ಸಮೀನಾಳ ದನಿಯಲ್ಲಿ ಬೇಸರಕ್ಕಿಂತ ಹೆಚ್ಚಾಗಿ ಆಶ್ಚರ್ಯವಿತ್ತು.

ಆಲಿಸ್ ಫೋನು ಕೆಳಗಿಟ್ಟರು. ಅಡುಗೆಮನೆಗೆ ಹೋಗಿ, ಇನ್ನೂ ಒಡೆಯದ ಐದು ಕಿಲೋದ ಅಕ್ಕಿ ಚೀಲವನ್ನು ಎತ್ತಿ ತಂದು ಮೆಷಿನಿನ ಮೇಲಿಟ್ಟರು. ಮುಳ್ಳು ಎರಡೂವರೆಗೆ ಹೋಗಿ ನಿಂತಿತು. ಚೀಲ ತೆಗೆದರು. ಸೊನ್ನೆಯ ಮೇಲಿರಬೇಕಾದ ಮುಳ್ಳು ಸೊನ್ನೆಗಿಂತ ಬಹಳ ಹಿಂದೆ ಹೋಗಿ ಕುಳಿತಿತ್ತು. ಖಾಲಿ ಮೆಷಿನನ್ನು ಯಾರು ನೋಡುತ್ತಾರೆ? ಅದರಲ್ಲೂ ಮೇಲೆ ಹತ್ತಿದ ಮೇಲೆ ಬಗ್ಗಿ ನೋಡಲಾಗದ ಆಲಿಸ್‌ಗೆ ತೂಕ ಓದಿ ಹೇಳುತ್ತಿದ್ದದ್ದೇ ಹೆರಾಲ್ಡ್.

“ಇದರ ಕಿವಿ ಯಾರು ತಿರುಪಿದ್ದು?” ಮೆಷಿನಿನ ಬದಿಯಲ್ಲಿದ್ದ ಸಣ್ಣ ತಿರುಗಣೆಯನ್ನು ತೋರಿಸಿ ಕೇಳಿದರು.

ಹೆರಾಲ್ಡ್ ಸುಳ್ಳು ಹೇಳುವುದರಲ್ಲಿ ಅಷ್ಟೇನೂ ನುರಿತವರಲ್ಲ. “ನಾನೇ. ಒಮ್ಮೆಲೇ ಅಲ್ಲ, ಸ್ವಲ್ಪ ಸ್ವಲ್ಪ.”

“ಯಾಕೆ?”

“ನೀನು ಆವತ್ತು ಚಪ್ಪಲಿ ಬಿಸಾಡಿ, ಖಲಾಸ್, ಇನ್ನು ನನ್ನಿಂದ ಆಗುದಿಲ್ಲ ಅಂತ ಕೂತದ್ದು ನೆನಪಿಲ್ವಾ? ನನಗೆ ನೋಡ್ಲಿಕ್ಕೆ ಆಗ್ಲಿಲ್ಲ. ಸ್ವಲ್ಪ ಇಳಿದದ್ದು ಕಂಡ್ರೆ ನಡೀತಿ, ನಡೆದ್ರೆ ನಿಜವಾಗಿ ಇಳೀತದೆ, ಆಗ ಕಿವಿ ವಾಪಸ್ ತಿರುಪುವ ಅಂತ ಇದ್ದೆ.”

“ಸೋಮವಾರ ಡಾಕ್ಟ್ರ ಮೆಷಿನಿನ ಕಿವಿ ಸಹ ತಿರುಪ್ತಿದ್ರಾ?”

ಆಲಿಸ್‌ಗೆ ಸಿಟ್ಟು ನೆತ್ತಿಗೇರಿತ್ತು. ಗಂಡ ಮೋಸ ಮಾಡಿದನೆಂಬುದಕ್ಕಿಂತ, ತಾನು ಕೈಯನ್ನು ಬಿಟ್ಟು ಮೆಷಿನನ್ನು ನಂಬಿದೆನಲ್ಲ ಎಂಬುದೇ ಹೆಚ್ಚು ಉರಿಯುತ್ತಿತ್ತು. ಅಳುವೂ ಬಂತು. ಅದನ್ನು ನುಂಗಿಕೊಂಡು ಸೌತೆಕಾಯಿ ಹೆಚ್ಚಲು ಕುಳಿತರು. ಒಂದು ಇಡೀ ಸೌತೆಕಾಯಿ ಮುಗಿದ ಮೇಲೆ ಕೇಳಿದರು: “ಹಾಗಾದ್ರೆ ನಾನು ನಿಜವಾಗಿ ಇಳಿದದ್ದೆಷ್ಟು?”

“ಮೂರೂವರೆ.”

ಮೂರೂವರೆ ಕಿಲೋ ಎಂದರೆ ಏನೆಂದು ಆಲಿಸ್‌ಗಿಂತ ಚೆನ್ನಾಗಿ ಬಲ್ಲವರು ಆ ಕಟ್ಟಡದಲ್ಲಿ ಯಾರಿದ್ದರು? ಎಷ್ಟು ಜನರ ಪೆಟ್ಟಿಗೆಯಿಂದ ಅಷ್ಟನ್ನು ತೆಗೆಸಿದ್ದರು ಅವರು. ಒಂದೇ ಏಟಿಗೆ ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಮೊದಲು ಒಂದು ಸಾಬೂನು, ಆಮೇಲೆ ಅತ್ತಿಗೆಯ ಚಪ್ಪಲಿ, ಆಮೇಲೆ ಖರ್ಜೂರ. ಪ್ರತಿ ಸಲವೂ ಪೆಟ್ಟಿಗೆ ಎತ್ತಿದರೆ ಏನೂ ವ್ಯತ್ಯಾಸ ಕಾಣುವುದಿಲ್ಲ. ‘ಇನ್ನೂ ಎಷ್ಟು ತೆಗೀಬೇಕು ಆಂಟಿ’ ಎಂದು ಅಳುಮೋರೆ ಹಾಕುವವರಿಗೆ ‘ತೆಗಿ ನೀನು, ತೆಗೆದದ್ದು ಎಲ್ಲಿಗೂ ಹೋಗುದಿಲ್ಲ’ ಎಂದು ಹೇಳಿ ಹೇಳಿ ಅವರ ನಾಲಗೆ ಸವೆದಿತ್ತು.

“ಸೋಮವಾರದ್ದನ್ನು ಮುಂದೆ ಹಾಕಿ. ಮಾರ್ಚಿನ ಮೊದಲ ವಾರಕ್ಕೆ ಕೇಳಿ” ಎಂದರು.

ಅಷ್ಟರಲ್ಲಿ ಬಾಗಿಲು ಬಡಿದದ್ದು ಮಹ್ರೂಫ್. ಪೆಟ್ಟಿಗೆಯಿಂದ ತೆಗೆದದ್ದನ್ನೆಲ್ಲ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿಕೊಂಡು ಏರ್‌ಪೋರ್ಟಿನಿಂದ ನೇರ ಬಂದಿದ್ದ. ಹಾಲಿನ ಪುಡಿಯ ಡಬ್ಬಿ, ಒಂದು ಕಟ್ಟು ಖರ್ಜೂರ, ಶರಬತ್ತಿನ ಪುಡಿ, ಸಾಬೂನು. ಆಲಿಸ್ ಅದನ್ನು ಕೈಯಲ್ಲಿ ತೂಗಿ ನೋಡಿದರು. ಕೈ ಎರಡೂವರೆ ಎಂದಿತು.

“ಬೇಜಾರು ಮಾಡ್ಬೇಡಿ ಆಂಟಿ, ಮೆಷಿನು ಕೆಡ್ತದೆ, ಅದಕ್ಕೆಂತ ಮಾಡುದು? ಮಾರ್ಚಲ್ಲಿ ನಾನೇ ಹೋಗ್ತೇನಲ್ಲ. ಅಲ್ಲಿವರೆಗೆ ನಿಮ್ಮಲ್ಲೇ ಇರ್ಲಿ. ನನ್ನ ಪೆಟ್ಟಿಗೆ ಸಹ ನೀವೇ ಕಟ್ಟಿ ಕೊಡ್ಬೇಕು.”

ಇಷ್ಟಾದ ಮೇಲೂ ಅವನು ಹಾಗೆ ಕೇಳಿದ್ದು ಆಲಿಸ್‌ಗೆ ಸಮಾಧಾನ ತಂದಿತು. ಅವನು ಹೋದ ಮೇಲೆ ಮಂಡಿಗೆ ಪಟ್ಟಿ ಬಿಗಿದು, ಚಪ್ಪಲಿ ಹಾಕಿಕೊಂಡು, ತೊಟ್ಟೆಯನ್ನು ಹೆರಾಲ್ಡ್ ಕೈಗೆ ಕೊಟ್ಟರು.

“ಇದೆಂತಕ್ಕೆ?”

“ನನ್ನ ತೂಕದಿಂದ ಎರಡೂವರೆ ಕಿಲೋ ಇಳಿಸಿದ್ದು ನೀವೇ ಅಲ್ವಾ? ಇಳಿಸಿದವರೇ ಹೊರಬೇಕು. ನಾನು ನಿಜವಾಗಿ ಇಳಿದ ಹಾಗೆ ಒಂದೊಂದೇ ತೆಗೀತೇನೆ. ಯಲ್ಲಾ, ನಡೀರಿ.”

ಅಂದಿನಿಂದ ದಿನಾ ಸಂಜೆ ಆಲಿಸ್ ಮುಂದೆ, ತೊಟ್ಟೆ ಹಿಡಿದ ಹೆರಾಲ್ಡ್ ಹಿಂದೆ. ಮೆಷಿನಿನ ಕಿವಿಯನ್ನು ಆಲಿಸ್ ಅಕ್ಕಿ ಚೀಲವಿಟ್ಟು ತಾವೇ ಸರಿಮಾಡಿ, ಅದರ ಮೇಲೆ ಅಂಟುಪಟ್ಟಿ ಸುತ್ತಿದ್ದರು. ಕ್ರಿಸ್ಮಸ್ ಬಂತು. ಇಡೀ ಕಟ್ಟಡಕ್ಕೆ ಕುಸ್ವಾರ್ ತಿಂಡಿ ಮಾಡಿ ಹಂಚಿದ ಆಲಿಸ್ ತಮ್ಮ ಪಾಲಿಗೆ ಕರ್ಜಿಕಾಯಿಯಂಥ ಒಂದೇ ಒಂದು ನೆವ್ರಿ ಇಟ್ಟುಕೊಂಡು, ಅದನ್ನು ಊಟ ಮಾಡಿದಷ್ಟು ಹೊತ್ತು ತಿಂದರು. ಹೊಸ ವರ್ಷಕ್ಕೆ ಸಾಬೂನು ತೊಟ್ಟೆಯಿಂದ ಕಪಾಟಿಗೆ ಹೋಯಿತು. ಬಹಳ ದಿನಗಳ ಮೇಲೆ ಶರಬತ್ತಿನ ಪುಡಿ. ಆಮೇಲೆ ಖರ್ಜೂರ.

ಉಳಿದದ್ದು ಹಾಲಿನ ಪುಡಿಯ ಡಬ್ಬಿ. ಅಲ್ಲಿಗೆ ಬಂದು ಮುಳ್ಳು ಮತ್ತೆ ನಿಂತಿತು. ಶುಕ್ರವಾರದ ಮೇಲೆ ಶುಕ್ರವಾರ ಹೋಯಿತು. ಡಬ್ಬಿಯನ್ನು ಅರ್ಧ ತೆಗೆಯುವ ಹಾಗೂ ಇಲ್ಲ. ತೊಟ್ಟೆ ಹರಿದು ಹೋಗಿ, ಹೆರಾಲ್ಡ್ ಡಬ್ಬಿಯನ್ನು ಮಗುವಿನ ಹಾಗೆ ಕಂಕುಳಲ್ಲಿಟ್ಟುಕೊಂಡು ನಡೆಯುತ್ತಿದ್ದರು. “ಸಾರ್, ದಿನಾ ಹಾಲಿನ ಪುಡಿ ತಗೊಳ್ತೀರಾ, ಮನೆಯಲ್ಲಿ ಪುಟ್ಟ ಮಗು ಉಂಟಾ?” ಎಂದು ಟಯರ್ ಅಂಗಡಿಯ ಕೊಗ್ಗ ಒಮ್ಮೆ ಕೇಳಿಯೂ ಬಿಟ್ಟ. ಹೆರಾಲ್ಡ್ ನಾಚಿಕೊಂಡರು. ಆಲಿಸ್ ನಿಲ್ಲಲಿಲ್ಲ.

“ಬೇಜಾರಾಗುದಿಲ್ವಾ ನಿನಗೆ?” ಹೆರಾಲ್ಡ್ ಒಂದು ಸಂಜೆ ಹೆದರಿಕೊಂಡೇ ಕೇಳಿದರು.

“ಆಗ್ತದೆ. ಆದ್ರೆ ಈ ಸಲ ಮುಳ್ಳು ಎಲ್ಲಿ ನಿಂತಿದ್ಯೋ ಅದು ನಿಜವಲ್ವಾ” ಎಂದ ಆಲಿಸ್ ಆವತ್ತು ಗ್ಯಾರೇಜುಗಳ ಸಾಲು ಮುಗಿದ ಮೇಲೂ ನಡೆದರು.

ಮಾರ್ಚಿನ ಮೊದಲ ವಾರ ಬಂದಾಗ ಮನೆಯ ಮುಳ್ಳು ಇನ್ನೂ ಕೂದಲೆಳೆಯಷ್ಟು ಆಚೆಗಿತ್ತು. ಮತ್ತೆ ಮುಂದೆ ಹಾಕಲು ದಿನಗಳಿರಲಿಲ್ಲ. ಟ್ಯಾಕ್ಸಿ ಹತ್ತಿದ ಮೇಲೆ ನೋಡಿದರೆ ಹೆರಾಲ್ಡ್ ತೊಡೆಯ ಮೇಲೆ ಡಬ್ಬಿ ಇತ್ತು.

“ಆಸ್ಪತ್ರೆಗೆ ಸಹ ತಂದ್ರಾ ಇದನ್ನು?”

“ನೀನು ತೆಗೆದಿಡಲಿಕ್ಕೆ ಹೇಳ್ಲಿಲ್ಲ” ಎಂದರು ಹೆರಾಲ್ಡ್.

ನರ್ಸ್ ಬಂದು ಆಲಿಸ್‌ರನ್ನು ಒಳಗೆ ಕರೆದಳು. ಹೆರಾಲ್ಡ್ ಹೊರಗಿನ ಕುರ್ಚಿಯಲ್ಲಿ ಕುಳಿತರು. ಎದುರು ಕುಳಿತಿದ್ದ ಒಮಾನಿ ಮುದುಕ ಡಬ್ಬಿಯನ್ನು ನೋಡಿದ, ಅವರ ಮುಖವನ್ನು ನೋಡಿದ. ಒಳಗೆ ತೂಕದ ಮೆಷಿನು ಕಿಣಿಕಿಣಿ ಎಂದದ್ದು ಕೇಳಿಸಿತು. ಆಮೇಲೆ ಡಾಕ್ಟರ ಮಾತು, ಯಾವುದೋ ಡ್ರಾಯರ್ ಎಳೆದ ಸದ್ದು. ಹೆರಾಲ್ಡ್ ಡಬ್ಬಿಯನ್ನು ಕಂಕುಳಿಗೆ ಇನ್ನಷ್ಟು ಒತ್ತಿ ಹಿಡಿದುಕೊಂಡರು.

ಬಾಗಿಲು ತೆರೆಯಿತು. ಆಲಿಸ್ ನೇರವಾಗಿ ಬಂದು ಅವರ ಮುಂದೆ ನಿಂತರು. ಅವರ ಕಂಕುಳಿನಿಂದ ಡಬ್ಬಿಯನ್ನು ಬಿಡಿಸಿ ತೆಗೆದು, ತಮ್ಮ ಚೀಲದೊಳಗೆ ಹಾಕಿಕೊಂಡರು.

“ಏಳಿ. ಆಪರೇಷನಿಗೆ ಮೊದಲು ಮಹ್ರೂಫನ ಪೆಟ್ಟಿಗೆ ಕಟ್ಟಲಿಕ್ಕುಂಟು.”

ಆಲಿಸ್ ಲಿಫ್ಟಿನ ಕಡೆಗೆ ಕುಂಟುತ್ತ ಹೊರಟರು. ಹೆರಾಲ್ಡ್ ಎದ್ದು ಹಿಂದೆ ನಡೆದರು. ಅವರ ಎಡಗೈ ಡಬ್ಬಿ ಹಿಡಿದ ಹಾಗೆಯೇ ಇನ್ನೂ ಮಡಚಿಕೊಂಡಿತ್ತು.